ಹುಟ್ಟು ತಾಗಿದರೆ ಹೊತ್ತುವ ನೀರು

ಅಮಾವಾಸ್ಯೆ ನೋಡಿಕೊಂಡು ಊರು ಬಿಡುವವರು ನಮ್ಮ ನಗರಗೆರೆ ಕಡೆ ಸಿಗುವುದು ಕಷ್ಟ. ಅಂದು ಲಾರಿ, ಟ್ರ್ಯಾಕ್ಟರುಗಳ ಮುಂದೆ ನಿಂಬೆಹಣ್ಣು, ಒಣಮೆಣಸಿನಕಾಯಿ ಹೊಸದಾಗಿ ತೂಗುತ್ತವೆ. ಅಂಗಡಿ ಬೀದಿಯಲ್ಲಿ ಒಡೆದ ಬೂದುಗುಂಬಳದ ಮೇಲೆ ಕಾಲು ಬೀಳದ ಹಾಗೆ ನಡೆಯಬೇಕು. ಹೊಸ ಕೆಲಸ, ದೂರದ ಪಯಣ ಎರಡನ್ನೂ ನಾಳೆಗೆ ತಳ್ಳುವುದು ವಾಡಿಕೆ. ಅಂಥ ಊರಿನಲ್ಲಿ ವಿಮಾನದ ಟಿಕೆಟ್ ತೆಗೆಯುವ ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿ, ಅಮಾವಾಸ್ಯೆ ಯಾವತ್ತು ಬರುತ್ತದೆ ಎಂದು ನೋಡಿ, ಅದರ ಆಚೀಚೆಯ ದಿನಗಳನ್ನೇ ಗೊತ್ತುಮಾಡಿಕೊಂಡು ಹೊರಟ ಗುಂಪು ನಮ್ಮದು.

"ವರ್ಷಕ್ಕೆ ಅಷ್ಟು ದಿನ ಇದಾವೆ, ಅಮಾಸೇನೇ ಬೇಕಾಗಿತ್ತೇನಪ್ಪಾ ನಿಮಗೆ?" ಎಂದು ಮನೆಯ ಅಜ್ಜಿ ಕೇಳಿದರು.

"ಚಂದ್ರ ಇದ್ರೆ ಕಾಣಲ್ವಂತೆ ಅಜ್ಜಿ."

"ಕತ್ತಲೆ ನೋಡೋಕೆ ವಿಮಾನ ಹತ್ತಿ ಹೋಗ್ಬೇಕಾ? ಕರೆಂಟು ಹೋದ್ರೆ ಇಲ್ಲೇ ಸಿಗ್ತದಲ್ಲ."

ಅಜ್ಜಿ ತಮಾಷೆಗೆ ಅಂದಿದ್ದರೂ ವಿಷಯವನ್ನು ನಮಗಿಂತ ಚೆನ್ನಾಗಿ ಹಿಡಿದಿದ್ದರು. ಕಡಲು ಹೊಳೆಯುವುದನ್ನು ತೋರಿಸುತ್ತೇವೆ ಎಂದು ಹಣ ತೆಗೆದುಕೊಳ್ಳುವವರು ನಿಜಕ್ಕೂ ಮಾರುವುದು ಕತ್ತಲೆಯನ್ನು. ಹೊಳಪು ಅವರ ಕೈಯಲ್ಲಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೀಪವಿಲ್ಲದ, ಗಲಾಟೆಯಿಲ್ಲದ, ಉಪ್ಪುನೀರಿನ ಒಂದು ಮೂಲೆಗೆ ನಿಮ್ಮನ್ನು ಕರೆದೊಯ್ದು ಕೂರಿಸುವುದಷ್ಟೇ ಅವರ ಕೆಲಸ.

ನಾವು ಹೋದದ್ದು ಅಂಡಮಾನಿನ ಸ್ವರಾಜ್ ದ್ವೀಪಕ್ಕೆ. 2018ರ ಡಿಸೆಂಬರ್ ಕೊನೆಯವರೆಗೂ ಅದು ಹ್ಯಾವ್‌ಲಾಕ್. ದೇಶದಲ್ಲಿ ರಾತ್ರಿ ಕಯಾಕ್‌ನಲ್ಲಿ ಕುಳಿತು ನೀರು ಬೆಳಗುವುದನ್ನು ನೋಡುವ ಪ್ರವಾಸ ಚೆನ್ನಾಗಿ ಬೇರೂರಿರುವ ಜಾಗಗಳಲ್ಲಿ ಅದೂ ಒಂದು. ಬೆಂಗಳೂರಿನಿಂದ ಅಂಡಮಾನಿನ ರಾಜಧಾನಿಯವರೆಗೆ ವಿಮಾನ, ಅಲ್ಲಿಂದ ಹಡಗು. ನಕ್ಷೆ ನೋಡಿದರೆ ಇನ್ನೊಂದು ನಂಟೂ ಇದೆ. ನಂದಿ ಬೆಟ್ಟಗಳ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಹೋಗುವ ನಮ್ಮ ಉತ್ತರ ಪಿನಾಕಿನಿ ಕೊನೆಗೆ ನೆಲ್ಲೂರಿನ ಹತ್ತಿರ ಸೇರುವುದು ಬಂಗಾಳ ಕೊಲ್ಲಿಯನ್ನೇ. ಅದೇ ಕೊಲ್ಲಿಯ ಆಚೆ ದಡದಲ್ಲಿ ಈ ದ್ವೀಪಗಳಿವೆ. ಪಿನಾಕಿನಿ ಅಲ್ಲಿಯವರೆಗೆ ಹರಿಯುವಷ್ಟು ಮಳೆ ನಮ್ಮ ಕಡೆ ಯಾವಾಗಲೋ ಒಮ್ಮೆ, 2021ರ ನವೆಂಬರ್‌ನಂಥ ವರ್ಷದಲ್ಲಿ, ಬೀಳುತ್ತದೆ.

ಗುಂಪಿನಲ್ಲಿ ಒಬ್ಬರು ಮೇಷ್ಟ್ರು, ಹಿಂದೂಪುರ ರಸ್ತೆಯಲ್ಲಿ ಔಷಧಿ ಅಂಗಡಿ ಇಟ್ಟವರು, ಡಿಗ್ರಿ ಮುಗಿಸಿದ ಹುಡುಗಿಯರು, ಚಿಂತಾಮಣಿಯ ಟೊಮೆಟೊ ಮಂಡಿಯ ದಂಪತಿ, ಶಿಡ್ಲಘಟ್ಟದ ರೇಷ್ಮೆ ರೀಲರ್ ಒಬ್ಬರು. ಗೈಡ್ ಮೊದಲು ಕೇಳಿದ್ದು, "ಈಜು ಬರುವವರು ಕೈ ಎತ್ತಿ" ಎಂದು. ಎತ್ತಿದವರೆಲ್ಲ ಐವತ್ತು ದಾಟಿದವರು. ಕಿರಿಯರು ಯಾರೂ ಎತ್ತಲಿಲ್ಲ. ಗೈಡ್‌ಗೆ ಇದು ವಿಚಿತ್ರವಾಗಿ ಕಂಡಿತು, ನಮಗೆ ಕಾಣಲಿಲ್ಲ. ನಮ್ಮಲ್ಲಿ ಈಜು ಕಲಿಯುತ್ತಿದ್ದುದು ತೋಟದ ತೆರೆದ ಬಾವಿಗಳಲ್ಲಿ. ಸೊಂಟಕ್ಕೆ ಒಣ ಸೋರೆಬುರುಡೆಯನ್ನೋ ಖಾಲಿ ಡಬ್ಬವನ್ನೋ ಕಟ್ಟಿ ಅಣ್ಣಂದಿರು, ಮಾವಂದಿರು ತಳ್ಳುತ್ತಿದ್ದರು. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ಇಳಿದ ಮೇಲೆ ಆ ಬಾವಿಗಳು ಬತ್ತಿ, ಕಸದ ಗುಂಡಿಗಳಾದವು. ಅಂತರ್ಜಲದ ಕುಸಿತವನ್ನು ಮೀಟರುಗಳಲ್ಲಿ ಬರೆದಿಡುತ್ತಾರೆ. ಒಂದು ತಲೆಮಾರಿಗೆ ಈಜು ತಪ್ಪಿಹೋದದ್ದು ಯಾವ ವರದಿಯಲ್ಲೂ ಬರುವುದಿಲ್ಲ.

ಲೈಫ್ ಜಾಕೆಟ್ ಬಿಗಿ ಮಾಡಿದರು. ಸೊಳ್ಳೆಗೆ ಹಚ್ಚಿಕೊಂಡ ಮುಲಾಮನ್ನು ಕೈಯಿಂದ ತೊಳೆಯಿರಿ ಎಂದರು; ಆ ರಾಸಾಯನಿಕ ನೀರಿನ ಸಣ್ಣ ಜೀವಿಗಳಿಗೆ ಆಗುವುದಿಲ್ಲ. ಮೊಬೈಲ್ ಪರದೆ ಹೊತ್ತಿಸಬಾರದು. ಇಬ್ಬರಿಗೊಂದು ಕಯಾಕ್: ಮುಂದೆ ಕೂತವರು ಹುಟ್ಟು ಹಾಕುವ ಲಯ ಹಿಡಿಯಬೇಕು, ಹಿಂದಿನವರು ದಿಕ್ಕು ನೋಡಿಕೊಳ್ಳಬೇಕು. ನನ್ನ ಹಿಂದೆ ಕೂತವರು ಶಿಡ್ಲಘಟ್ಟದ ಭಾಯ್. ಗೈಡ್‌ನ ಹಿಂದಿಯನ್ನು ನಮಗೆಲ್ಲ ಕನ್ನಡದಲ್ಲೂ ತೆಲುಗಿನಲ್ಲೂ ತಿರುಗಿಸಿ ಹೇಳುತ್ತಿದ್ದವರು ಅವರೇ. ಔಷಧಿ ಅಂಗಡಿಯವರು ಮೊಸಳೆ ಇದೆಯೇ ಎಂದು ಕೇಳಿಸಿದರು. ಪ್ರಶ್ನೆ ಬೆಪ್ಪುತನದ್ದಲ್ಲ. ಅಂಡಮಾನಿನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಇದೇ ದ್ವೀಪದ ಕಡಲಲ್ಲಿ ಅಮೆರಿಕದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದರು. "ನಾವು ಹೋಗೋ ಕಡೆ ಇಲ್ವಂತೆ" ಎಂದು ಭಾಯ್ ತಿರುಗಿಸಿ ಹೇಳಿದರು. ಗೈಡ್ ಹೇಳಿದ್ದು ಅದಕ್ಕಿಂತ ತುಸು ಉದ್ದವಾಗಿತ್ತು.

ಉಬ್ಬರದ ನೀರು ಏರಿದ ಮೇಲೆ ಹೊರಟೆವು. ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಮ್ಯಾಂಗ್ರೋವ್ ಗಿಡಗಳ ನಡುವೆ ಸಣ್ಣ ಕಾಲುವೆಯಂಥ ಜಾಗ. ಇಳಿತದಲ್ಲಿ ಅಲ್ಲಿ ಬರೀ ಕೆಸರು, ಬೇರು. ಮೊದಲ ಹತ್ತು ನಿಮಿಷ ಏನೂ ಕಾಣಲಿಲ್ಲ. ಮಂಡಿಯ ಯಜಮಾನರು "ದುಡ್ಡು ಹೋಯ್ತು" ಎಂದು ಘೋಷಿಸಿಯೂಬಿಟ್ಟರು. ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಮೊಬೈಲ್ ಮಿಂಚಿದರೆ ಆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಅದಕ್ಕೇ ಗೈಡ್‌ನ ತಲೆಗೆ ಕಟ್ಟಿದ್ದು ಮಂದ ಕೆಂಪು ದೀಪ. ಮಂದ ಬೆಳಕಿನಲ್ಲಿ ನೋಡಲು ದುಡಿಯುವ ಕಣ್ಣಿನ ಕೋಶಗಳಿಗೆ ಕೆಂಪು ಬಹುಮಟ್ಟಿಗೆ ಕಾಣುವುದೇ ಇಲ್ಲ, ಹಾಗಾಗಿ ಅವು ಕೆಡುವುದಿಲ್ಲ.

ಆಮೇಲೆ ಹುಟ್ಟಿನ ಅಂಚಿನಲ್ಲಿ ಹಾಲು ಕಲಕಿದ ಹಾಗೆ ಒಂದು ಮಸುಕು ಸುಳಿ. ಮತ್ತೊಮ್ಮೆ ಹಾಕಿದಾಗ ಸುಳಿಯೊಳಗೆ ಕಣಗಳು ಬಿಡಿಬಿಡಿಯಾಗಿ ಹೊತ್ತಿ ಆರಿದವು. ಹುಟ್ಟನ್ನು ಮೇಲೆತ್ತಿದರೆ ಅದರಿಂದ ತೊಟ್ಟಿಕ್ಕಿದ ಹನಿ ನೀರಿಗೆ ಬಿದ್ದಲ್ಲೆಲ್ಲ ಒಂದೊಂದು ಕಿಡಿ. ಕೆಳಗೆ ಮೀನೊಂದು ಬೆದರಿ ಓಡಿತು. ಮೀನು ಕಾಣಲಿಲ್ಲ, ಅದು ಓಡಿದ ಗೆರೆ ಕಂಡಿತು. ಕೈ ಮುಳುಗಿಸಿ ಬೆರಳು ಬಿಡಿಸಿದರೆ ಬೆರಳ ಸಂದುಗಳಲ್ಲಿ ಹೊಳಪು, ಕೈ ಮೇಲೆತ್ತಿದರೆ ಮುಂಗೈಯ ಕೂದಲಲ್ಲಿ ಸಿಕ್ಕಿಕೊಂಡ ಒಂದೆರಡು ಚುಕ್ಕಿ. ಭಾಯ್ ತಮ್ಮ ಕೈಯನ್ನು ನೀರಲ್ಲಿ ಬಹಳ ಹೊತ್ತು ಇಟ್ಟುಕೊಂಡಿದ್ದರು. ಚಿಕ್ಕಂದಿನಿಂದ ಬಿಸಿನೀರಿನ ಬೇಸಿನ್‌ನಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ತುದಿ ಬಿಳಿಚಿ ಸುಕ್ಕುಗಟ್ಟಿದ ಬೆರಳುಗಳು ಅವರವು. "ತಣ್ಣಗಿನ ನೀರು ಸಾರ್, ಆದ್ರೂ ಬೆಂಕಿ" ಎಂದರು.

ಬೆಂಕಿಯಲ್ಲ ನಿಜ, ಆದರೆ ಉರಿಯಂತೆಯೇ ಇಲ್ಲೂ ಆಮ್ಲಜನಕ ಖರ್ಚಾಗುತ್ತದೆ. ಇದನ್ನು ವಿಜ್ಞಾನದಲ್ಲಿ ಬಯೋಲ್ಯೂಮಿನೆಸೆನ್ಸ್ ಎನ್ನುತ್ತಾರೆ, ಜೀವದೀಪ್ತಿ ಎನ್ನೋಣ. ನೀರಲ್ಲಿ ತೇಲುವ ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿಗಳು ಇಂಥ ಹೊಳಪಿಗೆ ಹೆಚ್ಚಾಗಿ ಕಾರಣ. ಅವುಗಳಲ್ಲಿ ನಮ್ಮ ಕಡಲುಗಳಲ್ಲಿ ಹೆಚ್ಚು ಹೆಸರು ಮಾಡಿರುವುದು ನಾಕ್ಟಿಲ್ಯೂಕಾ ಸಿಂಟಿಲಾನ್ಸ್. ಒಂದೇ ಕೋಶವಾದರೂ ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರ್‌ವರೆಗೂ ಬೆಳೆಯುವುದುಂಟು. ಹಗಲಲ್ಲಿ ಗಾಜಿನ ಲೋಟಕ್ಕೆ ನೀರು ತುಂಬಿ ಬೆಳಕಿಗೆ ಹಿಡಿದರೆ ಬರಿಗಣ್ಣಿಗೇ ಸಣ್ಣ ಪಾರದರ್ಶಕ ಗುಳ್ಳೆಯ ಹಾಗೆ ಕಾಣುತ್ತದೆ. ಕೋಶದೊಳಗಿನ ದೊಡ್ಡ ರಸಕೋಶದಲ್ಲಿ ಅಮೋನಿಯಂ ತುಂಬಿಕೊಂಡಿರುವುದರಿಂದ ಅದು ಹಗುರಾಗಿ ಮೇಲೆ ತೇಲುತ್ತದೆ. ನೀರು ಅಲುಗಿ ಕೋಶದ ಪೊರೆ ಒತ್ತಿಕೊಂಡಾಗ ಒಂದು ವಿದ್ಯುತ್ ಸಂಕೇತ ಪೊರೆಯುದ್ದಕ್ಕೂ ಓಡುತ್ತದೆ. ರಸಕೋಶದ ಆಮ್ಲ, ಸಿಂಟಿಲಾನ್ ಎಂಬ ಸೂಕ್ಷ್ಮ ಚೀಲಗಳಿಗೆ ನುಗ್ಗುತ್ತದೆ. ಅಲ್ಲಿ ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ಸೇರಿ ನೀಲಿ ಬೆಳಕು ಚಿಮ್ಮುತ್ತದೆ. ಇಷ್ಟೆಲ್ಲ ನಡೆದು ಮುಗಿಯುವುದು ಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ.

ಒಮ್ಮೆ ಹೊತ್ತಿದ ಕೋಶ ಮತ್ತೆ ಅಷ್ಟೇ ಜೋರಾಗಿ ಹೊತ್ತಬೇಕಾದರೆ ಸಮಯ ಬೇಕು. ಹಾಗಾಗಿ ಸಾಲಾಗಿ ಹೋಗುವ ಕಯಾಕ್‌ಗಳಲ್ಲಿ ಹಿಂದಿನವರಿಗೆ ಸಿಗುವುದು ಮುಂದಿನವರು ಬಳಸಿ ಬಿಟ್ಟ ನೀರು. ಈ ಗುಟ್ಟು ತಿಳಿದ ಕೂಡಲೇ ನಮ್ಮವರೆಲ್ಲ ಮುಂದಕ್ಕೆ ನುಗ್ಗಿದರು. ತಿರುಪತಿ ಸಾಲಿನಲ್ಲಿ ಪಳಗಿದ ಜನ. ಗೈಡ್ ಬೈದು ಎಲ್ಲರನ್ನೂ ಅಡ್ಡಕ್ಕೆ ಹರಡಿಸಿದ.

ಇಷ್ಟು ಪುಟ್ಟ ಜೀವಿಗೆ ಬೆಳಕಿನ ಗೊಡವೆ ಯಾಕೆ? ತನ್ನನ್ನು ತಿನ್ನಲು ಬಂದ ಸಣ್ಣ ಸೀಗಡಿಯಂಥ ಕೋಪೆಪಾಡ್ ದಿಢೀರ್ ಬೆಳಕಿಗೆ ಬೆದರಿ ಬಿಟ್ಟು ಓಡಬಹುದು ಎನ್ನುವುದು ಒಂದು ವಿವರಣೆ. ಇನ್ನೊಂದು ಇನ್ನೂ ಚೆಂದ: ಬೆಳಕು ಬಿದ್ದಾಗ ಕೋಪೆಪಾಡ್ ಇರುವ ಜಾಗ ಅದನ್ನು ತಿನ್ನುವ ಮೀನಿಗೆ ಗೊತ್ತಾಗುತ್ತದೆ. ಕಳ್ಳ ಬಂದಾಗ ಕೂಗಿ ಬೀದಿಯವರನ್ನು ಎಬ್ಬಿಸುವ ಉಪಾಯವಿದು. ಇದೇ ಉಪಾಯ ಮನುಷ್ಯನಿಗೂ ಕೆಲಸಕ್ಕೆ ಬಂದಿದೆ. ಕತ್ತಲ ರಾತ್ರಿಗಳಲ್ಲಿ ಮೀನಿನ ಹಿಂಡು ಓಡಿದಲ್ಲಿ ನೀರು ಬೆಳಗುವುದನ್ನು ನೋಡಿ ಬಲೆ ಬೀಸುವುದು ಹಲವು ದೇಶಗಳ ಬೆಸ್ತರು ಬಲ್ಲ ಹಳೆಯ ವಿದ್ಯೆ.

ಫೋಟೊದ ವಿಷಯ ಹೇಳಲೇಬೇಕು. ಈ ಪ್ರವಾಸಗಳ ಜಾಹೀರಾತಿನಲ್ಲಿ ಅಲೆಗಳು ನಿಯಾನ್ ದೀಪದ ನೀಲಿಯಲ್ಲಿ ಉರಿಯುತ್ತಿರುತ್ತವೆ. ಕಣ್ಣಿಗೆ ಹಾಗೆ ಕಾಣುವುದು ಅಪರೂಪ. ಕ್ಯಾಮೆರಾ ಹತ್ತಾರು ಸೆಕೆಂಡು ರೆಪ್ಪೆ ತೆರೆದಿಟ್ಟು ಬೆಳಕನ್ನೆಲ್ಲ ಕೂಡಿಹಾಕುತ್ತದೆ. ನಮ್ಮ ಕಣ್ಣು ಹಾಗೆ ಕೂಡಿಡುವುದಿಲ್ಲ. ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳಿಗೆ ಬಣ್ಣ ಗುರುತಿಸಲು ಬರುವುದೂ ಇಲ್ಲ. ಆದ್ದರಿಂದ ಹೊಳಪು ಜೋರಾಗಿದ್ದರೆ ಮಾತ್ರ ನೀಲಿ, ಇಲ್ಲದಿದ್ದರೆ ಬೆಳ್ಳಗೆ. ಫೋಟೊ ನೋಡಿ ಬಂದವರಿಗೆ ನಿಜದ ಕಡಲು ಸಪ್ಪೆ ಎನಿಸುತ್ತದೆ. ಆದರೆ ಫೋಟೊ ತೋರಿಸಲಾರದ್ದು ಒಂದಿದೆ: ನೀವು ಅಲುಗಿದರಷ್ಟೇ ಅದು ಬೆಳಗುತ್ತದೆ ಎನ್ನುವುದು. ಕೈಗೂ ಬೆಳಕಿಗೂ ಇರುವ ಆ ಸಂಬಂಧ ಅನುಭವಕ್ಕೆ ಬರುವುದು ಹುಟ್ಟು ನಿಮ್ಮ ಕೈಯಲ್ಲೇ ಇದ್ದಾಗ. ಇಂಥ ನೀರಿಗೆ ಮೋಟಾರು ದೋಣಿಗಿಂತ ಕಯಾಕ್ ಒಪ್ಪುವುದು ಅದಕ್ಕೇ. ಕೆರಿಬಿಯನ್ ಕಡಲಿನ ಪೋರ್ಟೊರಿಕೊದಲ್ಲಿ ಮಸ್ಕಿಟೊ ಬೇ ಎಂಬ ಕೊಲ್ಲಿಯಿದೆ. ಜಗತ್ತಿನಲ್ಲೇ ಅತಿ ಹೆಚ್ಚು ಹೊಳೆಯುವ ಕೊಲ್ಲಿ ಎಂದು ಗಿನ್ನೆಸ್ ದಾಖಲೆ ಸೇರಿದ ಜಾಗ. ಅಲ್ಲಿ ಈಜುವುದಕ್ಕೆ ಅಪ್ಪಣೆಯಿಲ್ಲ, ಜನ ಕಯಾಕ್‌ನಲ್ಲಿ ಕೂತೇ ನೋಡುತ್ತಾರೆ. 2017ರ ಮರಿಯಾ ಚಂಡಮಾರುತದ ನಂತರ ಆ ಕೊಲ್ಲಿ ಮಂಕಾಗಿ, ತಿಂಗಳುಗಳ ಮೇಲೆ ಮತ್ತೆ ಬೆಳಗಿತು.

ನಗರಗೆರೆಗೆ ವಾಪಸು ಬಂದ ಮೇಲೆ ಮೇಷ್ಟ್ರ ತರಗತಿಯಲ್ಲಿ ಮಕ್ಕಳು ಕೇಳಿದ್ದು ಒಂದೇ ಪ್ರಶ್ನೆ: ನಮ್ಮ ಕೆರೆ ಯಾಕೆ ಹೊಳೆಯಲ್ಲ ಸಾರ್?

ಒಳ್ಳೆಯ ಪ್ರಶ್ನೆ. ಸಿಹಿನೀರಿನಲ್ಲೂ ಡೈನೋಫ್ಲಾಜೆಲೇಟ್‌ಗಳಿವೆ, ನಮ್ಮ ಕೆರೆಗಳಲ್ಲೂ ಸಿಗುತ್ತವೆ. ಆದರೆ ಅವುಗಳಲ್ಲಿ ಹೊಳೆಯುವ ಜಾತಿ ಒಂದೂ ಕಂಡುಬಂದಿಲ್ಲ. ಜೀವದೀಪ್ತಿ ಮುಖ್ಯವಾಗಿ ಕಡಲಿನ ಸೊತ್ತು. ಸಿಹಿನೀರಿನಲ್ಲಿ ಹೊಳೆಯುವುದು ನ್ಯೂಜಿಲೆಂಡಿನ ತೊರೆಗಳಲ್ಲಿರುವ ಲೇಟಿಯಾ ಎಂಬ ಪುಟ್ಟ ಬಸವನಹುಳು, ಮತ್ತೆ ನೀರಲ್ಲೇ ಬೆಳೆಯುವ ಕೆಲವು ಮಿಣುಕುಹುಳುಗಳ ಮರಿ. ಪಟ್ಟಿ ಬಹುತೇಕ ಅಲ್ಲಿಗೆ ಮುಗಿಯಿತು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಸಾರಜನಕ, ರಂಜಕ ತಿಂದು ಪಾಚಿ ಬೆಳೆಯಬಹುದು, ಹಸಿರು ಕಟ್ಟಬಹುದು, ವಾಸನೆ ಹೊಡೆಯಬಹುದು. ಹೊಳೆಯುವುದಂತೂ ಇಲ್ಲ. ಸಂಜೆ ಕೆರೆ ಏರಿಯ ಮೇಲೆ ಕೂತು ಕಾಯುವ ಹುಡುಗರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಷ್ಟು ದೂರದ ಅಂಡಮಾನೇ ಬೇಕೆಂದೇನೂ ಇಲ್ಲ. 2020ರ ನವೆಂಬರ್ ಕೊನೆಯಲ್ಲಿ ನಮ್ಮ ಕರಾವಳಿಯೇ ಬೆಳಗಿತ್ತು. ಕೊರೊನಾದಿಂದ ಮನೆಯೊಳಗೆ ಕೂತು ಬೇಸತ್ತ ಕಾಲ. ಉಡುಪಿ ಜಿಲ್ಲೆಯ ಮಲ್ಪೆ, ಪಡುಕೆರೆ, ಮಟ್ಟು ತೀರಗಳಲ್ಲಿ ರಾತ್ರಿ ಅಲೆ ಮುರಿಯುವ ಅಂಚಿನುದ್ದಕ್ಕೂ ನೀಲಿ ಗೆರೆ ಕಾಣಿಸಿತು. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಹರಿದಾಡಿ, ಬದನೆಕಾಯಿಗೆ ಹೆಸರಾದ ಮಟ್ಟುವಿನ ಕಡಲ ದಾರಿ ರಾತ್ರಿ ಹೊತ್ತು ಕಾರುಗಳಿಂದ ತುಂಬಿತು. ಕಾರಿನ ಹೆಡ್‌ಲೈಟ್ ಕಡಲಿಗೆ ಬಿಟ್ಟು ಹೊಳಪು ಹುಡುಕಿದವರೂ ಇದ್ದರೆಂದರೆ ಆಶ್ಚರ್ಯವಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2019ರ ಆಗಸ್ಟ್‌ನಲ್ಲಿ, ಚೆನ್ನೈನ ತೀರದಲ್ಲೂ ಹೀಗೇ ಆಗಿತ್ತು. ಅದೇ ವರ್ಷ ಬಂದ 'ಕುಂಬಳಂಗಿ ನೈಟ್ಸ್' ಎಂಬ ಮಲಯಾಳ ಸಿನಿಮಾ, ಕೊಚ್ಚಿಯ ಹತ್ತಿರದ ಕುಂಬಳಂಗಿಯ ಹಿನ್ನೀರು ರಾತ್ರಿ ಬೆಳಗುವುದನ್ನು ಇಡೀ ದಕ್ಷಿಣಕ್ಕೆ ತೋರಿಸಿತು. ಅಲ್ಲಿಯವರು ಅದನ್ನು ಕವರು ಎನ್ನುತ್ತಾರೆ. ಬೇಸಿಗೆಯಲ್ಲಿ ಹಿನ್ನೀರಿನ ಉಪ್ಪು ಏರಿದಾಗ ಬರುತ್ತದೆ, ಮಳೆಯ ಸಿಹಿನೀರು ಸೇರಿದರೆ ಹೋಗುತ್ತದೆ.

ನಮ್ಮಲ್ಲಿ ಕಯಾಕ್ ಬಿಡುವ ಜಾಗಗಳಿಗೂ ಕೊರತೆಯಿಲ್ಲ. ಉಡುಪಿಯ ಸಾಲಿಗ್ರಾಮದ ಬಳಿ ಸೀತಾನದಿಯ ಕಾಂಡ್ಲಾ ಕಾಡಿನ ನಡುವೆ, ಮುಲ್ಕಿಯ ಶಾಂಭವಿ ಅಳಿವೆಯಲ್ಲಿ ಹಗಲು ಕಯಾಕ್ ಓಡಾಡುತ್ತವೆ. ಅಳಿವೆ ಅಂದರೆ ನದಿ ಕಡಲಿಗೆ ಸೇರುವ ಬಾಯಿ. ಅಲ್ಲಿ ಅಲೆಯ ಹೊಡೆತ ಕಡಿಮೆ, ಉಪ್ಪು ಸಾಕಷ್ಟು. ನವೆಂಬರಿನಿಂದ ಮಾರ್ಚ್‌ವರೆಗೆ ಅಮಾವಾಸ್ಯೆಯ ಆಸುಪಾಸಿನಲ್ಲಿ, ಅಲ್ಲಿಯ ಮೊಗವೀರರನ್ನು ಕೇಳಿಕೊಂಡು ಹೋದವರಿಗೆ ಅದೃಷ್ಟವಿದ್ದರೆ ಕಂಡೀತು. ದಿನ ಗೊತ್ತುಮಾಡಿ 'ಖಂಡಿತ ಕಾಣುತ್ತದೆ' ಎನ್ನುವವರನ್ನು ನಂಬಬೇಡಿ.

ಬರಿಗಾಲಲ್ಲಿ ರಾತ್ರಿ ಅಲೆಗೆ ಇಳಿಯುವ ಮಾತು ಬೇರೆ. ಒಳನಾಡಿನ ನಮಗೆ ಕಡಲೆಂದರೆ ದೊಡ್ಡ ಕೆರೆ. ಕಾಲಡಿಯ ಮರಳನ್ನು ಎಳೆದೊಯ್ಯುವ ನೀರಿನ ಸೆಳೆತ ಗೊತ್ತಿಲ್ಲ. 2024ರ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸ ಹೋದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅದು ಹಗಲು ಬೆಳಕಿನಲ್ಲಿ. ಹೊಳೆಯುವ ಅಲೆ ನೋಡಲು ಕತ್ತಲಲ್ಲಿ ಮೊಣಕಾಲುದ್ದ ಇಳಿಯೋಣ ಎಂದು ಗುಂಪಿನಲ್ಲಿ ಯಾರಾದರೂ ಹುರುಪು ಮಾಡಿದರೆ, ಹುರುಪು ಕೆಟ್ಟರೂ ಸರಿ, ಬೇಡ ಎನ್ನುವ ಒಬ್ಬರು ಜೊತೆಯಲ್ಲಿರಬೇಕು.

ಈ ಹೊಳಪನ್ನು ನೋಡಿ ಸಂತೋಷಪಡಬೇಕೋ ಬೇಡವೋ ಎನ್ನುವುದು ಅರಬ್ಬಿ ಸಮುದ್ರದ ಕತೆ ಓದಿದ ಮೇಲೆ ತಲೆಗೆ ಬಂದ ಪ್ರಶ್ನೆ. ನಾಕ್ಟಿಲ್ಯೂಕಾದಲ್ಲಿ ಎರಡು ಬಗೆ. ಕೆಂಪು ಬಗೆಯದು ಪರರನ್ನು ತಿಂದೇ ಬದುಕುವುದು. ಹಸಿರು ಬಗೆಯದು ತನ್ನ ಹೊಟ್ಟೆಯೊಳಗೆ ಸಾವಿರಾರು ಹಸಿರು ಪಾಚಿಕಣಗಳನ್ನು ಸಾಕಿಕೊಂಡು ಅವು ಬಿಸಿಲಿನಲ್ಲಿ ತಯಾರಿಸಿದ್ದನ್ನೂ ಉಣ್ಣುತ್ತದೆ. ಕಲ್ಲಿಕೋಟೆಯ ತೀರದಲ್ಲಿ ಕಡಲು ಹಸಿರಾದದ್ದನ್ನು ಅಭ್ಯಾಸ ಮಾಡಿ, ಒಳಗಿದ್ದ ಆ ಬಾಡಿಗೆದಾರ ಪಾಚಿಯನ್ನು 1954ರಲ್ಲಿ ವಿವರಿಸಿ ಹೆಸರಿಟ್ಟವರು ಆರ್. ಸುಬ್ರಹ್ಮಣ್ಯನ್. ಆಗ ಅದೊಂದು ಕುತೂಹಲದ ಸಂಗತಿಯಷ್ಟೇ. ಈ ಶತಮಾನ ಶುರುವಾದಾಗಿನಿಂದ ಉತ್ತರ ಅರಬ್ಬಿ ಸಮುದ್ರದಲ್ಲಿ ಚಳಿಗಾಲ ಬಂತೆಂದರೆ ಹಸಿರು ನಾಕ್ಟಿಲ್ಯೂಕಾ ಉಪಗ್ರಹಕ್ಕೂ ಕಾಣುವಷ್ಟು ವಿಸ್ತಾರಕ್ಕೆ ಹಬ್ಬತೊಡಗಿತು. ಮೊದಲು ಅಲ್ಲಿ ಆ ಹೊತ್ತಿಗೆ ಬೆಳೆಯುತ್ತಿದ್ದುದು ಡಯಾಟಮ್ ಎಂಬ ಪಾಚಿ. ಅದನ್ನು ತಿನ್ನುವ ಪುಟ್ಟ ಜೀವಿಗಳು, ಅವನ್ನು ತಿನ್ನುವ ಮೀನು, ಮೀನು ಹಿಡಿಯುವ ಮನುಷ್ಯ, ಹೀಗೆ ಸರಪಳಿ ಸಾಗುತ್ತಿತ್ತು. ನಾಕ್ಟಿಲ್ಯೂಕಾ ಮೀನಿಗೆ ಅಷ್ಟಾಗಿ ರುಚಿಸದು. ಅದನ್ನು ಮೇಯುವುದು ಹೆಚ್ಚಾಗಿ ಲೋಳೆಮೀನು ಮತ್ತು ಸಾಲ್ಪ್ ಎಂಬ ಲೋಳೆಯಂಥ ಜೀವಿಗಳು.

ಗೋವೆಯ ಮೂಲದ ವಿಜ್ಞಾನಿ ದಂಪತಿ ಜೋಕಿಮ್ ಗೋಯೆಸ್ ಮತ್ತು ಹೆಲ್ಗಾ ಗೋಮ್ಸ್ ಇದರ ಬೆನ್ನು ಹತ್ತಿದವರು. ಕೆಳನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತಿರುವುದು ಈ ಜೀವಿಗೆ ಅನುಕೂಲವಾಗಿದೆ ಎಂದು ಅವರ ತಂಡ 2014ರಲ್ಲಿ ಬರೆಯಿತು. 2020ರಲ್ಲಿ ಬಂದ ಇನ್ನೊಂದು ಲೇಖನದಲ್ಲಿ ಕಾರಣವನ್ನು ಹಿಮಾಲಯದವರೆಗೆ ಹುಡುಕಿಕೊಂಡು ಹೋದರು. ಹಿಮಾಲಯ, ಟಿಬೆಟ್‌ಗಳಲ್ಲಿ ಹಿಮ ಕಡಿಮೆಯಾದಂತೆ ಚಳಿಗಾಲದಲ್ಲಿ ಕಡಲ ಮೇಲೆ ಬೀಸುವ ಗಾಳಿ ಮೊದಲಿನಷ್ಟು ತಣ್ಣಗೂ ಒಣಗಿಯೂ ಇರುವುದಿಲ್ಲ. ಮೇಲಿನ ನೀರು ತಣಿದು ಕೆಳಗಿಳಿದು ಕೆಳಗಿನ ಪೋಷಕಾಂಶ ಮೇಲೆ ಬರುವ ಆ ಕಡೆಯುವಿಕೆ ಸಡಿಲುತ್ತದೆ. ಪೋಷಕಾಂಶ ನೆಚ್ಚಿಕೊಂಡ ಡಯಾಟಮ್ ಸೊರಗುತ್ತದೆ. ತಿಂದೂ ಬದುಕಬಲ್ಲ, ಬೆಳೆದೂ ಬದುಕಬಲ್ಲ ನಾಕ್ಟಿಲ್ಯೂಕಾ ಗೆಲ್ಲುತ್ತದೆ. ಹಿಮಾಲಯದ ಹಿಮ ಕರಗುವುದಕ್ಕೂ ಆ ಕಡಲ ದಡದ ಒಮಾನಿನ ಬೆಸ್ತನ ಬಲೆಗೂ ನಂಟು ಹೀಗೆ.

ಹೊಳೆಯುವ ನೀರೆಲ್ಲ ಕೆಟ್ಟ ನೀರೆಂದು ಇದರಿಂದ ತೀರ್ಮಾನಿಸಬಾರದು. ಕಾಂಡ್ಲಾ ಕಾಲುವೆಗಳಲ್ಲಿ ಚೆದುರಿದಂತೆ ಮಿನುಗುವುದು ಕಡಲಿನ ಮಾಮೂಲಿ ಸಂಸಾರ. ಹಗಲಲ್ಲಿ ತೀರದುದ್ದಕ್ಕೂ ನೀರು ಗಾಢ ಹಸಿರಾಗಿಯೋ ಕೆಂಪಗೋ ಕಟ್ಟಿಕೊಂಡು, ರಾತ್ರಿ ಅಲೆಅಲೆಯೂ ಉರಿದರೆ ಮಾತ್ರ ಅದು ತೂಕ ತಪ್ಪಿದ ಲಕ್ಷಣ. ಅಷ್ಟು ದಟ್ಟವಾಗಿ ಬೆಳೆದದ್ದು ಸತ್ತು ಕೊಳೆಯುವಾಗ ಆಮ್ಲಜನಕ ಹೀರಿ, ಅಮೋನಿಯಾ ಬಿಟ್ಟು, ಮೀನುಗಳನ್ನು ಸಾಯಿಸುವುದುಂಟು. ಪ್ರವಾಸಿಗೆ ಚೆಂದ ಕಂಡದ್ದು ಬೆಸ್ತನಿಗೆ ಕಳವಳದ ಸುದ್ದಿಯಾಗಿರಬಹುದು. ನವೆಂಬರ್‌ನ ಆ ರಾತ್ರಿಗಳಲ್ಲಿ ಮಟ್ಟುವಿಗೆ ಕಾರು ಓಡಿಸಿದವರಲ್ಲಿ ಎಷ್ಟು ಮಂದಿ ಪಕ್ಕದ ಮೊಗವೀರ ಮನೆಗಳವರನ್ನು ಮಾತಾಡಿಸಿದರೋ.

ಕಡಲಿಲ್ಲದ ನಮ್ಮ ಪಾಲಿಗೆ ಮಿಣುಕುಹುಳು ಇದೆ. ಇತ್ತು ಎನ್ನಬೇಕೋ ಏನೋ. ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಬೇಲಿ, ಹುಣಸೆತೋಪು, ಕಾಲುವೆ ಬದುಗಳಲ್ಲಿ ಅವು ಏಳುತ್ತಿದ್ದವು. ಗಂಡುಹೆಣ್ಣು ಒಂದನ್ನೊಂದು ಕರೆಯುವುದು ಬೆಳಕಿನ ಸನ್ನೆಯಿಂದ. ಈಗ ಊರ ಬಾಗಿಲಲ್ಲಿ ಹೈಮಾಸ್ಟ್ ದೀಪ, ಕೋಳಿಫಾರಂ ಸುತ್ತ ಎಲ್‌ಇಡಿ ಸಾಲು, ದೇವಸ್ಥಾನದ ಗೋಪುರಕ್ಕೆ ರಾತ್ರಿಯಿಡೀ ಬಣ್ಣದ ಬಲ್ಬು. ಸನ್ನೆ ಕಾಣದಿದ್ದರೆ ಜೋಡಿ ಸೇರುವುದು ಹೇಗೆ? ಪಶ್ಚಿಮಘಟ್ಟದ ಕಡೆ ಈಗಲೂ ಮೇ, ಜೂನ್‌ನಲ್ಲಿ ಮರಮರವೇ ಮಿಣುಕುತ್ತವೆ. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಹಸಿರಾಗಿ ಹೊಳೆಯುವ ಅಣಬೆಗಳೂ ಆ ಕಾಡುಗಳಲ್ಲಿವೆ. ಇತ್ತೀಚೆಗೆ ಕಾಸರಗೋಡಿನ ರಾಣಿಪುರಂ ಕಾಡಿನಲ್ಲೂ ಅಂಥದ್ದು ಸಿಕ್ಕಿತು.

ಹುಳು ಕಡಿಮೆಯಾದರೂ ಅದರ ರಸಾಯನ ಮಾತ್ರ ಬೇರೆ ದಾರಿಯಿಂದ ನಮ್ಮ ಹೊಟ್ಟೆಪಾಡಿಗೆ ಬಂದು ಸೇರಿದೆ. ಮಿಣುಕುಹುಳುವಿನ ಲೂಸಿಫೆರೇಸ್ ಹೊತ್ತಲು ಎಟಿಪಿ ಎಂಬ ವಸ್ತು ಬೇಕೇ ಬೇಕು. ಇದನ್ನು 1947ರಲ್ಲಿ ತೋರಿಸಿದವರು ಅಮೆರಿಕದ ವಿಲಿಯಂ ಮ್ಯಾಕ್‌ಎಲ್ರಾಯ್. ಎಟಿಪಿ ಎಲ್ಲ ಜೀವಕೋಶಗಳಲ್ಲೂ ಇರುತ್ತದೆ. ಹಾಗಾಗಿ ತೊಳೆದ ಹಾಲಿನ ಟ್ಯಾಂಕನ್ನೋ ಪೈಪನ್ನೋ ಹತ್ತಿಕಡ್ಡಿಯಿಂದ ಒರೆಸಿ, ಆ ಕಡ್ಡಿಯನ್ನು ಈ ಕಿಣ್ವಕ್ಕೆ ಅದ್ದಿ, ಎಷ್ಟು ಬೆಳಕು ಬಂತೆಂದು ಯಂತ್ರದಲ್ಲಿ ಅಳೆಯುತ್ತಾರೆ. ಬೆಳಕು ಜಾಸ್ತಿಯಾದರೆ ಹಾಲಿನ ಅಂಶವೋ ಬ್ಯಾಕ್ಟೀರಿಯಾವೋ ಉಳಿದಿದೆ, ಮತ್ತೆ ತೊಳೆಯಿರಿ ಎಂದರ್ಥ. ಕ್ಷಣಾರ್ಧದ ಕೆಲಸ. ದೊಡ್ಡ ಡೇರಿಗಳಲ್ಲಿ, ಆಹಾರ ಕಾರ್ಖಾನೆಗಳಲ್ಲಿ ಈ ಪರೀಕ್ಷೆ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ನಮ್ಮೂರಿನ ಹಾಲು ಉತ್ಪಾದಕರು ಕಡಲಿನ ಹೊಳಪಿನ ಕತೆಗಿಂತ ಇದನ್ನು ಕೇಳಿ ಹೆಚ್ಚು ಮೆಚ್ಚಿದರು.

ರೇಷ್ಮೆಗೂ ಒಂದು ಪಾಲಿದೆ. ಹಿಂತಿರುಗುವ ಹಡಗಿನಲ್ಲಿ ಶಿಡ್ಲಘಟ್ಟದ ಭಾಯ್‌ಗೆ ಆ ಕತೆ ಹೇಳಿದೆ. ಜಪಾನಿನ ಒಸಾಮು ಶಿಮೊಮುರ ಎಂಬವರು, ನಾಗಾಸಾಕಿಯ ಮೇಲೆ ಬಾಂಬು ಬಿದ್ದಾಗ ಪಕ್ಕದ ಊರಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಹದಿನಾರರ ಹುಡುಗ, ಆ ಬೆಳಕಿಗೆ ಕೆಲಹೊತ್ತು ಕಣ್ಣು ಕಾಣದಾಗಿದ್ದವರು. ಮುಂದೆ ಅಮೆರಿಕದ ಪಶ್ಚಿಮ ತೀರದಲ್ಲಿ ಹೆಂಡತಿ ಮಕ್ಕಳ ಜೊತೆ ವರ್ಷಗಳ ಕಾಲ ಲೋಳೆಮೀನು ಹಿಡಿದರು. ಎಲ್ಲ ಸೇರಿ ಎಂಟೂವರೆ ಲಕ್ಷವಂತೆ. ಅವುಗಳ ಅಂಚನ್ನು ಹಿಂಡಿ, ಬೆಳಕಿನ ವಸ್ತು ಬೇರ್ಪಡಿಸುವಾಗ ಜೊತೆಗೆ ಸಿಕ್ಕಿದ್ದು ಹಸಿರಾಗಿ ಹೊಳೆಯುವ ಒಂದು ಪ್ರೋಟೀನು. 1962ರಲ್ಲಿ ವರದಿಯಾದ ಅದು ಆಮೇಲೆ ಜೀವಕೋಶದೊಳಗೆ ಏನು ನಡೆಯುತ್ತಿದೆ ಎಂದು ನೋಡುವ ದೀಪವಾಯಿತು. 2008ರಲ್ಲಿ ಶಿಮೊಮುರ, ಮಾರ್ಟಿನ್ ಚಾಲ್ಫಿ, ರೋಜರ್ ತ್ಸಿಯೆನ್ ಮೂವರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ಅದೇ ಬಗೆಯ ಪ್ರೋಟೀನಿನ ವಂಶವಾಹಿಯನ್ನು ಜಪಾನಿನ ವಿಜ್ಞಾನಿಗಳು ರೇಷ್ಮೆಹುಳಕ್ಕೆ ಸೇರಿಸಿ, ನೀಲಿ ದೀಪದಡಿ ಹಸಿರು, ಕೆಂಪು, ಕಿತ್ತಳೆಯಾಗಿ ಹೊಳೆಯುವ ಗೂಡು ತೆಗೆದಿದ್ದಾರೆ. ಅದರ ನೂಲಿನಿಂದ ಮದುವೆಯ ಉಡುಪನ್ನೂ ಹೊಲಿಸಿದ್ದಾರೆ. ಒಂದೇ ತೊಡಕು: ಮಾಮೂಲಿನಂತೆ ಕುದಿನೀರಿನಲ್ಲಿ ಗೂಡು ಬೇಯಿಸಿದರೆ ಆ ಪ್ರೋಟೀನು ಕೆಟ್ಟು ಬಣ್ಣ ಹೋಗುತ್ತದೆ. ಅದಕ್ಕೆ ಅರವತ್ತು ಡಿಗ್ರಿಯಷ್ಟು ಬಿಸಿಯಲ್ಲಿ, ಗಾಳಿ ಎಳೆದು ನಿರ್ವಾತ ಮಾಡಿ, ಕ್ಷಾರದ ನೀರು ಗೂಡಿನೊಳಗೆ ಇಳಿಯುವ ಹಾಗೆ ಮಾಡಿ ಬೇಯಿಸಿದರು.

ಭಾಯ್ ಮದುವೆ ಉಡುಪಿನ ಬಗ್ಗೆ ಏನೂ ಕೇಳಲಿಲ್ಲ. ನೊಬೆಲ್ ಬಗ್ಗೆಯೂ ಇಲ್ಲ.

"ಅರವತ್ತು ಡಿಗ್ರಿಗೆ ಗೂಡು ಬಿಚ್ಚಿಕೊಳ್ತದಾ ಸಾರ್? ಎಳೆ ಕಡಿಯಲ್ವಾ?"

"ಬಿಚ್ಚಿಕೊಂಡಿದೆಯಂತೆ, ಭಾಯ್. ಆ ಗಾಳಿ ಎಳೆಯೋ ಮೆಷಿನ್ ಇರೋದ್ರಿಂದ."

ಅವರು ಬೆರಳುಗಳ ಕಡೆ ಒಮ್ಮೆ ನೋಡಿಕೊಂಡರು. "ಸೌದೆ ಖರ್ಚೂ ಕಮ್ಮಿ ಆಗ್ತದೆ. ಆ ಮೆಷಿನ್‌ಗೆ ಇಲಾಖೆಯವ್ರು ಸಬ್ಸಿಡಿ ಕೊಡ್ತಾರಾ?"